ಜೂನ್ ತಿಂಗಳ ಗಟ್ಟಿ ಚಿಪ್ಪು

ಹೇಕ್ ಕೋವ್
ಜೂನ್ ೩, ೧೯೮೪

ವರ್ನಾ ಅತ್ತೆಗೆ,

ಫೋನು ಅಡುಗೆಮನೆಯಲ್ಲಿದೆ, ಅಪ್ಪನೂ ಅಡುಗೆಮನೆಯಲ್ಲೇ ಇದ್ದಾನೆ. ಅದಕ್ಕೇ ಈ ಕಾಗದ.

ಕಾಲೇಜಿನ ರಜೆಗೆ ಬಂದು ಚೀಲ ಇಳಿಸಿದ್ದೇ ತಡ, ಅಪ್ಪ ಶುರು ಮಾಡಿದ. ಬೆಟ್ಟದ ಮೇಲಿನ ಹೋಟೆಲಿನಲ್ಲಿ ಬೇಸಿಗೆ ಪ್ರವಾಸಿಗರಿಗೆ ತಟ್ಟೆ ಹಿಡಿಯೋ ಕೆಲಸ ನನಗೆ ಗೊತ್ತುಮಾಡಿ ಇಟ್ಟಿದ್ದಾನೆ, ನನ್ನ ಕೇಳದೆ. ನಾನು ಹೇಳಿದೆ: "ಅಜ್ಜನ ಚಿಕ್ಕ ದೋಣಿ ಇದೆ, ಅಜ್ಜನ ಬೋನುಗಳಿವೆ, ನಾನು ಲಾಬ್‌ಸ್ಟರ್ ಹಿಡೀತೀನಿ." ಅಪ್ಪ ಬೀನ್ಸ್ ಬೋಗುಣಿಯಿಂದ ತಲೆ ಎತ್ತಲೇ ಇಲ್ಲ. "ಹಿಡಿ ಹಿಡಿ, ನಾಲ್ಕು ದಿನ" ಅಂದ.

ನಾಲ್ಕು ದಿನವಂತೆ. ಅಜ್ಜ ತೀರಿಹೋಗಿದ್ದು ಫೆಬ್ರವರಿಯಲ್ಲಿ. ಬೋನಿನ ಗುರುತಿಗೆ ಕಟ್ಟುವ, ಕಿತ್ತಳೆ ಮೈಗೆ ಕರಿ ಪಟ್ಟಿ ಹೊಡೆದ ಅವನ ತೇಲುಗುಂಡುಗಳು ಈ ಬೇಸಿಗೆ ನೀರಿಗೆ ಬೀಳದಿದ್ದರೆ ಬಂದರಿನ ಲೆಕ್ಕದಲ್ಲಿ ಆ ಬಣ್ಣ ಸತ್ತ ಹಾಗೆ. ಆ ಜಾಗಕ್ಕೆ ಪಕ್ಕದವರು ಸರಿದು ಕೂರುತ್ತಾರೆ. ಮುಂದಿನ ವರ್ಷ ನಾನು ಬಂದು ಇದು ನಮ್ಮದು ಅಂದರೆ ನಗುತ್ತಾರೆ. ಅಪ್ಪನಿಗೆ ಅವನ ಸ್ವಂತ ಬಣ್ಣವಿದೆ, ಅವನಿಗೇನು.

ನಾಳೆ ಗುಂಡುಗಳಿಗೆ ಬಣ್ಣ ಬಳಿಯುತ್ತೇನೆ. ನೀನಾದರೂ ನನ್ನ ಕಡೆ ಇರು.

ವಾಂಡಾ


ಮಿಲ್‌ಬ್ರೂಕ್
ಜೂನ್ ೯

ವಾಂಡಾ,

ನಿನ್ನ ಕಡೆ ಇರದೆ ಇನ್ನೆಲ್ಲಿ ಹೋಗಲಿ? ಬಳಿ. ಎರಡು ಕೋಟು ಬಳಿ, ಒಂದು ಸಾಲದು, ಉಪ್ಪು ನೀರು ತಿಂದು ಹಾಕುತ್ತದೆ.

ಇಲ್ಲಿ ನನ್ನ ಊಟದಂಗಡಿಗೆ ಕಾಗದದ ಗಿರಣಿಯ ಜನ ಬರುತ್ತಾರೆ. ಒಂದು ಲೋಟ ಕಾಫಿಗೆ ಕೂತು ಮೂರು ಸಲ ತುಂಬಿಸಿಕೊಳ್ಳುತ್ತಾರೆ, ನಾಲ್ಕನೇ ಸಲಕ್ಕೆ ನಾನು ಅಲ್ಲೇ ನಿಂತು ನೋಡುತ್ತೇನೆ, ಎದ್ದು ಹೋಗುತ್ತಾರೆ. ಈ ಅಂಗಡಿಯನ್ನು ನನಗೆ ಯಾರೂ ಕೊಡಲಿಲ್ಲ, ಹಾಗಾಗಿ ಯಾರೂ ಕಿತ್ತುಕೊಳ್ಳುವಂತೆಯೂ ಇಲ್ಲ. ಇದನ್ನು ನೀನು ನೆನಪಿಟ್ಟುಕೋ ಸಾಕು.

ನಿನ್ನ ವಯಸ್ಸಿನಲ್ಲಿ ನಾನೂ ನಮ್ಮಪ್ಪನ ದೋಣಿ ಹತ್ತಿದ್ದೆ. ಅಪ್ಪ ಬೇಡ ಅನ್ನಲಿಲ್ಲ. ಬೇಡ ಅಂದದ್ದು ಬಂದರಿನ ಜನ. ಬಾಯಿಬಿಟ್ಟು ಅಂದಿದ್ದರೆ ಜಗಳವಾದರೂ ಆಡುತ್ತಿದ್ದೆ, ಅನ್ನಲಿಲ್ಲ. ನಾನು ದೋಣಿ ಕಟ್ಟುವ ಧಕ್ಕೆಗೆ ಬಂದರೆ ಮಾತು ನಿಲ್ಲಿಸಿ ಟೋಪಿ ಮುಟ್ಟುತ್ತಿದ್ದರು, ಚರ್ಚಿಗೆ ಬಂದ ಹೆಂಗಸಿಗೆ ಮಾಡುವ ಹಾಗೆ. ಲೈಮನ್ ಡಾರ್ ಎಲ್ಲರಿಗಿಂತ ಮುಂದೆ. ಅವನೂ ನಾನೂ ಒಂದೇ ಬೆಂಚಿನಲ್ಲಿ ಓದಿದವರು. ಈಗ ಬಂದರಿನಲ್ಲಿ ಅವನ ಮಾತೇ ಮಾತು ಎಂದು ಕೇಳಿದ್ದೇನೆ. ಅವನ ಮೇಲೊಂದು ಕಣ್ಣಿಡು. ನಮ್ಮಪ್ಪನ ಜಾಗಕ್ಕೂ ಅವನ ಜಾಗಕ್ಕೂ ನಡುವೆ ಒಂದು ಬಂಡೆ ಅಷ್ಟೇ ಇರುವುದು.

ಅತ್ತೆ


ಹೇಕ್ ಕೋವ್
ಜೂನ್ ೨೭

ಅತ್ತೆ,

ಕೂತಿದ್ದೀಯಾ? ಕೂತು ಓದು.

ಬೀಳುತ್ತಿವೆ. ಒಳಕೊಲ್ಲಿಯಲ್ಲಿ, ಕಲ್ಲಿನ ಸಾಲಿನ ಪಕ್ಕ, ಅಜ್ಜನ ದೋಣಿಯಲ್ಲಿ ನಾನೊಬ್ಬಳೇ ಹುಟ್ಟು ಹಾಕಿಕೊಂಡು ಹೋಗಿ ಮುಟ್ಟಬಹುದಾದ ಜಾಗದಲ್ಲಿ ಬೋನು ಬಿಟ್ಟಿದ್ದೆ. ಮೊದಲ ವಾರ ಏಡಿ, ಮುಳ್ಳುಚೆಂಡಿನಂಥ ಕಡಲಮುಳ್ಳು, ಒಂದು ಹಳೇ ಬೂಟು. ಧಕ್ಕೆಯ ಹುಡುಗರು ಬೂಟಿಗೆ ಎಷ್ಟು ರೇಟು ಅಂತ ಕೇಳಿ ನಕ್ಕರು. ಆಮೇಲೆ ಒಂದು ಬೆಳಗ್ಗೆ ಬೋನು ಎತ್ತಿದರೆ ಭಾರ. ಕಪ್ಪಗೆ, ದಪ್ಪಗೆ, ಕಲ್ಲಿನಂಥ ಚಿಪ್ಪಿನ ಲಾಬ್‌ಸ್ಟರುಗಳು. ಅಲ್ಲಿಂದ ದಿನ ಬಿಟ್ಟು ದಿನ ಹೀಗೇ. ಧಕ್ಕೆಯಲ್ಲಿ ಮೀನು ತೂಗಿ ಖರೀದಿಸುವ ಐನಾ, ನನ್ನ ಬುಟ್ಟಿ ನೋಡಿ ನನ್ನ ಮುಖ ನೋಡಿದಳು. "ಒಳಕೊಲ್ಲಿಯಲ್ಲಾ?" ಅಂದಳು. "ಹ್ಞೂಂ" ಅಂದೆ. ಮುಖ ತಿರುಗಿಸಿ ತೂಗಿದಳು. ಹೊಟ್ಟೆಕಿಚ್ಚಿರಬೇಕು.

ಹುಡುಗರೂ ಈಗ ನಗುತ್ತಿಲ್ಲ. ಲೈಮನ್ ಅಂತೂ ನನ್ನ ಜೊತೆ ಮಾತೇ ಆಡುವುದಿಲ್ಲ. ಹುಡುಗರ ದೋಣಿ ಪಕ್ಕ ಬಂದರೆ, "ಲೇ ಕತ್ತೆ, ಹಗ್ಗ ಹಾಗಾ ಸುತ್ತೋದು? ಕಾಲು ಸಿಕ್ಕಿ ನೀರಿಗೆ ಹೋಗ್ತೀಯಾ, ನಿಮ್ಮಮ್ಮನಿಗೆ ನಾನು ಹೋಗಿ ಹೇಳ್ಬೇಕಾ?" ಅಂತ ಇಡೀ ಬಂದರಿಗೆ ಕೇಳುವ ಹಾಗೆ ಬೈಯುತ್ತಾನೆ. ನನ್ನನ್ನು ಕಂಡರೆ ಟೋಪಿ ಮುಟ್ಟಿ ಮುಂದೆ ಹೋಗುತ್ತಾನೆ. ಹೆದರಿದ್ದಾನೆ ಅಂತ ನನ್ನ ಲೆಕ್ಕ.

ಅಪ್ಪನೂ ಹೋಟೆಲಿನ ಮಾತು ಎತ್ತುತ್ತಿಲ್ಲ. ಗೆದ್ದೆ ಅತ್ತೆ.

ವಾಂಡಾ


ಮಿಲ್‌ಬ್ರೂಕ್
ಜುಲೈ ೨

ವಾಂಡಾ,

ನಿನ್ನ ಕಾಗದವನ್ನು ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟುಕೊಂಡಿದ್ದೇನೆ. ಗಿರಾಕಿಗಳಿಗೆ ಓದಿ ಹೇಳಿದೆ. ಒಬ್ಬ ಗಿರಣಿಯವನು, "ನಿಮ್ಮ ಸೊಸೆಗೆ ಮದುವೆ ಆಗಿದೆಯಾ?" ಅಂತ ಕೇಳಿದ. ಅವಳ ದೋಣಿಯಲ್ಲಿ ಒಬ್ಬರಿಗೇ ಜಾಗ ಅಂದೆ.

ಗಟ್ಟಿ ಚಿಪ್ಪಿನವೇ? ಒಳಕೊಲ್ಲಿಯಲ್ಲಿ, ಜೂನಿನಲ್ಲಿ? ನಮ್ಮ ಕಾಲದಲ್ಲಿ ಜುಲೈ ನಡುವಿನ ತನಕ ಅಲ್ಲಿ ಏನೂ ಬೀಳುತ್ತಿರಲಿಲ್ಲ. ಬಿದ್ದರೂ ಆಗಷ್ಟೇ ಚಿಪ್ಪು ಕಳಚಿದ ಮೆತ್ತನೆಯವು. ಗಟ್ಟಿಯವು ಆಚೆ ಆಳದ ನೀರಿನವು. ಇರಲಿ, ಸಮುದ್ರ ಬದಲಾಗಿರಬಹುದು, ನಾನಿಲ್ಲದೆ ಎಷ್ಟೋ ವರ್ಷ ಆಯಿತು. ಬೀಳುತ್ತಿದ್ದರೆ ಸರಿ. ಪ್ರಶ್ನೆ ಕೇಳಿದರೆ ಬೋನು ಬರಿದಾಗುತ್ತದೆಯೇನೋ ಎನ್ನುವ ಹಾಗೆ ನನಗೇ ಭಯ.

ಬೆಳೆದು ನಿಲ್ಲು. ಅವರು ಕಣ್ಣು ಕೆಳಗೆ ಹಾಕುವ ತನಕ ನಿಲ್ಲು.

ಅತ್ತೆ


ಹೇಕ್ ಕೋವ್
ಜುಲೈ ೧೪

ಅತ್ತೆ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡ.

ಇವತ್ತು ಬೆಳಗ್ಗೆ ಎಂದಿಗಿಂತ ಬೇಗ ಎದ್ದು ದಿಬ್ಬದ ಹಾದಿಯಲ್ಲಿ ಇಳಿಯುತ್ತಿದ್ದೆ. ಕೊಲ್ಲಿಯಲ್ಲಿ ಮಂಜು. ಮಂಜಿನೊಳಗೆ ಎಂಜಿನ್ ಸದ್ದು ನಿಂತಿತು. ನೋಡಿದರೆ ಲೈಮನ್ ಡಾರ್‌ನ ಹಸಿರು ದೋಣಿ. ನನ್ನ ಕಿತ್ತಳೆ ಗುಂಡು ಅವನ ಕೈಯಲ್ಲಿ. ನನ್ನ ಬೋನು ಅವನ ದೋಣಿಯ ಅಂಚಿನ ಮೇಲೆ, ಬಾಗಿಲು ತೆರೆದಿದೆ, ಅವನ ಕೈ ಒಳಗೆ.

ಹಾದಿಯಲ್ಲೇ ನಿಂತು ನೋಡಿದೆ. ಈ ಕರಾವಳಿಯಲ್ಲಿ ಇನ್ನೊಬ್ಬನ ಹೆಂಡತಿಯ ಜೊತೆ ಓಡಿಹೋದವನನ್ನು ಚರ್ಚಿನಲ್ಲಿ ಕೂರಿಸುತ್ತಾರೆ, ಇನ್ನೊಬ್ಬನ ಬೋನು ಎತ್ತಿದವನನ್ನು ಯಾರೂ ಹತ್ತಿರ ಸೇರಿಸುವುದಿಲ್ಲ. ನೀನೇ ನನಗೆ ಹೇಳಿದ್ದು. ಅಂಥ ಕೆಲಸ, ಬಂದರಿನ ಹಿರಿಯ, ನನ್ನ ಮೇಲೆ. ಬಿದ್ದದ್ದರಲ್ಲಿ ಅವನು ದಿನಾ ಎಷ್ಟು ತೆಗೆದು ಉಳಿದದ್ದು ನನಗೆ ಬಿಟ್ಟನೋ ಯಾರಿಗೆ ಗೊತ್ತು.

ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಅವನು ಕಾಫಿ ಲೋಟ ಕೆಳಗಿಟ್ಟ. "ಬಿಡು ಅದನ್ನ" ಅಂದ.

"ಬಿಡೋದಾ? ನನ್ನ ಬೋನು ಎತ್ತಿದಾನೆ ಅಪ್ಪ."

"ಬಿಡು ಅಂದ್ನಲ್ಲ. ಯಾರ ಹತ್ರಾನೂ ಆಡ್ಬೇಡ."

ಇಷ್ಟೇ. ಮಗಳಿಗಿಂತ ಲೈಮನ್ ಹೆಚ್ಚಾದ. ಏನು ಮಾಡಲಿ ಹೇಳು.

ವಾಂಡಾ


ಮಿಲ್‌ಬ್ರೂಕ್
ಜುಲೈ ೧೭

ವಾಂಡಾ,

ಏನು ಮಾಡಲಿ ಅಂತ ಕೇಳುತ್ತೀಯಾ. ಮೀನುಗಾರಿಕೆ ಇಲಾಖೆಯ ವಾರ್ಡನ್‌ಗೆ ಫೋನ್ ಮಾಡು. ಅಡುಗೆಮನೆಯ ಫೋನಿನಿಂದಲೇ, ನಿಮ್ಮಪ್ಪನ ಎದುರಿಗೇ ಮಾಡು.

ಬಂದರಿನ ಮಾತು ಬಂದರಿನಲ್ಲೇ ಇರಬೇಕು, ವಾರ್ಡನ್‌ನನ್ನು ಕರೆಯುವವರು ಮನೆಮುರುಕರು: ಇದು ನಾನೂ ಹಾಲು ಕುಡಿಯುವ ವಯಸ್ಸಿನಿಂದ ಕೇಳಿದ ಪಾಠ. ಬಂದರು ತನ್ನ ನ್ಯಾಯ ತಾನೇ ನೋಡಿಕೊಳ್ಳುತ್ತದಂತೆ. ಯಾರ ನ್ಯಾಯ ನೋಡಿತು? ನನ್ನದು ನೋಡಿತಾ? ಆ ನ್ಯಾಯದ ಪೀಠದಲ್ಲಿ ಕೂತವನೇ ನಿನ್ನ ಬೋನಿಗೆ ಕೈ ಹಾಕಿದ್ದಾನೆ. ದೂರು ಕೊಡಲು ಅವನ ಹತ್ತಿರವೇ ಹೋಗುತ್ತೀಯಾ?

ನನ್ನ ಅಂಗಡಿಯಲ್ಲಿ ಒಬ್ಬ ಚಮಚ ಜೇಬಿಗೆ ಹಾಕಿದರೂ ಬಾಗಿಲಲ್ಲಿ ಹಿಡಿಯುತ್ತೇನೆ. ಸುಮ್ಮನಿದ್ದರೆ ನಾಳೆ ಮೇಜು ಹೊತ್ತುಕೊಂಡು ಹೋಗುತ್ತಾರೆ.

ನಿಮ್ಮಪ್ಪ ನನ್ನ ತಮ್ಮನೇ, ಆದರೂ ಹೇಳುತ್ತೇನೆ: ಅವನಿಗೆ ಗಾಳಿ ಎತ್ತ ಬೀಸುತ್ತದೋ ಅತ್ತ ಮುಖ.

ಅತ್ತೆ


ಮಿಲ್‌ಬ್ರೂಕ್
ಜುಲೈ ೩೦

ವಾಂಡಾ,

ಕಾಗದ ಇಲ್ಲ, ಸುದ್ದಿ ಇಲ್ಲ. ವಾರ್ಡನ್ ಬಂದನೇ? ಲೈಮನ್ ಸಿಕ್ಕಿಬಿದ್ದನೇ? ನಿನ್ನೆ ತಡೆಯಲಾರದೆ ಮನೆಗೇ ಫೋನ್ ಮಾಡಿದೆ. ನಿಮ್ಮಪ್ಪ ಎತ್ತಿದ. "ನಿನ್ನ ಕೆಲಸ ಆಯ್ತಲ್ಲ ಅಕ್ಕ" ಅಂದು ಇಟ್ಟುಬಿಟ್ಟ. ಏನು ಅದರ ಅರ್ಥ?

ಅತ್ತೆ


ಹೇಕ್ ಕೋವ್
ಆಗಸ್ಟ್ ೪

ಅತ್ತೆ,

ವಾರ್ಡನ್ ಬಂದ. ಲೈಮನ್ ಸಿಕ್ಕಿಬಿದ್ದ. ಸಂತೋಷಪಡು.

ದಿಬ್ಬದ ಮೇಲೆ ವಾರ್ಡನ್ ದುರ್ಬೀನು ಹಿಡಿದು ಕೂತಿದ್ದ, ನಾನು ಪಕ್ಕದಲ್ಲಿ. ಹಸಿರು ದೋಣಿ ಬಂತು. ಲೈಮನ್ ನನ್ನ ಬೋನು ಎತ್ತಿದ. ಇಲಾಖೆಯ ದೋಣಿ ಬಂಡೆಯ ಹಿಂದಿನಿಂದ ಹೊರಟು ಅವನ ಮಗ್ಗುಲಿಗೆ ನಿಂತಿತು. ಅವನು ಗಡಿಬಿಡಿ ಮಾಡಲಿಲ್ಲ. ಬೋನಿನ ಬಾಗಿಲು ಮುಚ್ಚಿ, ಮೆಲ್ಲಗೆ ನೀರಿಗೆ ಬಿಟ್ಟು, ಕೈ ಒರೆಸಿಕೊಂಡ. ಅವರ ಜೊತೆ ಹೋದ.

ನಾನು ಗೆದ್ದವಳ ಹಾಗೆ ಹುಟ್ಟು ಹಾಕಿಕೊಂಡು ಹೋಗಿ ಅದೇ ಬೋನು ಎತ್ತಿದೆ. ಒಳಗೆ ಎರಡು ದಪ್ಪ ಲಾಬ್‌ಸ್ಟರು. ಎರಡರ ಇಕ್ಕುಳದಂಥ ಕೊಂಡಿಗೂ ರಬ್ಬರ್ ಪಟ್ಟಿ ಹಾಕಿತ್ತು ಅತ್ತೆ.

ನಿನಗೆ ನಾನು ಹೇಳಬೇಕಾಗಿಲ್ಲ. ಹಿಡಿದ ಮೇಲೆ, ಕಚ್ಚದಿರಲಿ ಅಂತ, ನಾವು ಹಾಕುವ ಪಟ್ಟಿ. ಸಮುದ್ರದ ತಳದಲ್ಲಿ ಯಾವ ಲಾಬ್‌ಸ್ಟರೂ ತನ್ನ ಕೊಂಡಿಗೆ ತಾನೇ ಪಟ್ಟಿ ಹಾಕಿಕೊಂಡು ಬೋನಿಗೆ ಬರುವುದಿಲ್ಲ. ಅವನು ತೆಗೆಯುತ್ತಿರಲಿಲ್ಲ, ಹಾಕುತ್ತಿದ್ದ. ಆಚೆ ಆಳದಲ್ಲಿ ಹಿಡಿದದ್ದನ್ನು ತಂದು, ಪಟ್ಟಿ ಬಿಚ್ಚಿ, ನನ್ನ ಬೋನಿಗೆ ಹಾಕುತ್ತಿದ್ದ. ಅವತ್ತು ಬಿಚ್ಚಲು ಪುರುಸೊತ್ತಾಗಲಿಲ್ಲ.

ಜೂನಿನಿಂದ. ನಾನು ನನ್ನ ಕೈಗುಣ ಅಂದುಕೊಂಡದ್ದೆಲ್ಲ.

ಐನಾಗೆ ಗೊತ್ತಿತ್ತು. ಹುಡುಗರಿಗೆ ಗೊತ್ತಿತ್ತು, ಅದಕ್ಕೇ ನಗು ನಿಲ್ಲಿಸಿದ್ದು. ಅಪ್ಪನಿಗೆ ಗೊತ್ತಿತ್ತು. ಮನೆಗೆ ಬಂದು ಕೇಳಿದೆ, "ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಬಿಡು ಅಂದೆ. ನೀನು ನಿಮ್ಮತ್ತೆ ಮಾತು ಕೇಳ್ದೆ."

"ನಾನೇನು ಭಿಕ್ಷೆ ಕೇಳಿದ್ನಾ?"

"ನಿನಗೆ ಅಂತ ಯಾರು ಹೇಳಿದ್ದು? ಅದು ನಿಮ್ಮಜ್ಜನಿಗೆ. ಸತ್ತವನ ಬೋನು ಆ ಬೇಸಿಗೆ ಖಾಲಿ ಬರಬಾರ್ದು. ಇಲ್ಲಿ ಯಾವಾಗ್ಲೂ ಹಾಗೇ."

ಕೇಳಿದೆಯಾ? ಬೇಸಿಗೆ ಪೂರ್ತಿ ನಾನು ದೋಣಿಯಲ್ಲಿದ್ದೆ, ಕೈಯಲ್ಲಿ ಬೊಬ್ಬೆ ಎದ್ದು ಒಡೆದು ಮತ್ತೆ ಎದ್ದವು, ಲೆಕ್ಕಕ್ಕೆ ಮಾತ್ರ ನಾನಿರಲಿಲ್ಲ. ಸತ್ತವನ ಹೆಸರಿಗೆ ಊಟ ಇಟ್ಟರು, ಹೊತ್ತು ತಂದವಳು ನಾನು.

ನಿನಗೆ ಈ ಪದ್ಧತಿ ಗೊತ್ತಿರಲಿಲ್ಲವೇ? ಗಟ್ಟಿ ಚಿಪ್ಪು ಅಂತ ಬರೆದವಳು ನೀನು. ಬರೆದು ಅಲ್ಲಿಗೇ ಬಿಟ್ಟವಳೂ ನೀನು.

ಇಪ್ಪತ್ತಕ್ಕೆ ವಿಚಾರಣೆ. ಬೋನು ಕದ್ದದ್ದಾದರೆ ಮೂರು ವರ್ಷ ಅವನ ಲೈಸೆನ್ಸ್ ಹೋಗುತ್ತದೆ. ಈಗ ಧಕ್ಕೆಗೆ ನಾನು ಹೋದರೆ ಟೋಪಿಯನ್ನೂ ಯಾರೂ ಮುಟ್ಟುವುದಿಲ್ಲ.

ವಾಂಡಾ


ಮಿಲ್‌ಬ್ರೂಕ್
ಆಗಸ್ಟ್ ೮

ವಾಂಡಾ,

ನಿನ್ನ ಕಾಗದ ಬಂದ ದಿನ ಅಂಗಡಿ ಮುಚ್ಚಿದೆ. ಗಿರಣಿಯ ಜನ ಬಾಗಿಲು ತಟ್ಟಿ ಹೋದರು.

ಗೊತ್ತಿತ್ತು. ನಾನು ಚಿಕ್ಕವಳಿದ್ದಾಗ ಒಬ್ಬ ಮುಳುಗಿ ಸತ್ತಾಗ ಹಾಗೇ ಮಾಡಿದ್ದರು. ನಮ್ಮಪ್ಪನೂ ಹಾಕಿ ಬರುತ್ತಿದ್ದ. ಮರೆತಿದ್ದೆ ಅನ್ನಲೇ? ಅರ್ಧ ಮರೆತಿದ್ದೆ. ಇನ್ನರ್ಧ, ನೀನು ಗೆಲ್ಲುತ್ತಿದ್ದೀಯ ಎನ್ನುವುದು ನನಗೆ ಬೇಕಾಗಿತ್ತು. ಗಟ್ಟಿ ಚಿಪ್ಪಿನ ಲೆಕ್ಕ ತಾಳೆಯಾಗಲಿಲ್ಲ; ತಾಳೆಯಾಗದ ಲೆಕ್ಕವನ್ನು ನಾನು ಜೀವನದಲ್ಲಿ ಎಂದೂ ಹಾಗೇ ಬಿಟ್ಟವಳಲ್ಲ, ಇದೊಂದನ್ನು ಬಿಟ್ಟೆ.

ಆದರೆ ಕೇಳು. ಸಿಟ್ಟು ಇಳಿಸು ಅಂತ ಹೇಳಲು ನಾನು ಬರೆಯುತ್ತಿಲ್ಲ. ಮುಳುಗಿ ಸತ್ತವನಿಗೆ ಒಬ್ಬ ಮಗನಿದ್ದ. ಅವನ ಬೋನಿಗೆ ಬಂದರು ಏನು ಹಾಕಿತು ಗೊತ್ತೇ? ಮೊದಲ ವಾರ ಲಾಬ್‌ಸ್ಟರು ಹಾಕಿತು, ಎರಡನೇ ವಾರ ಅವನ ಕಿವಿ ಹಿಂಡಿ ದೋಣಿಗೆ ಹತ್ತಿಸಿಕೊಂಡಿತು. ಎಲ್ಲಿ ಬಿಡಬೇಕು, ಎಷ್ಟು ಹಗ್ಗ, ಯಾವ ಗಾಳಿಗೆ ಏನು, ಬೈದು ಬೈದು ಕಲಿಸಿತು. ಆ ಮಗ ಯಾರು ಅಂದುಕೊಂಡೆ? ಲೈಮನ್ ಡಾರ್. ಕಿವಿ ಹಿಂಡಿದವನು ನಮ್ಮಪ್ಪ.

ಹಾಗಾಗಿ ಅವನು ಕಳ್ಳನಲ್ಲ. ಸಾಲ ತೀರಿಸುತ್ತಿದ್ದ. ಆದರೆ ಅರ್ಧವೇ ತೀರಿಸಿದ. ಅವನಿಗೆ ಸಿಕ್ಕ ಇನ್ನರ್ಧ ನಿನಗೆ ಕೊಡಬೇಕು ಅಂತ ಅವನಿಗೆ ಹೊಳೆಯಲೇ ಇಲ್ಲ, ನೀನು ಹುಡುಗಿ.

ವಿಚಾರಣೆಯಲ್ಲಿ ಏನು ಹೇಳಬೇಕು ಅಂತ ನಾನು ಹೇಳುವುದಿಲ್ಲ. ನನ್ನ ಸಲಹೆ ಒಂದು ಸಲ ಸಾಕು. ಸುಮ್ಮನಿದ್ದರೆ ನಿನ್ನ ಹೆಸರಿನಲ್ಲಿ ಒಂದು ಒಳ್ಳೆಯ ಬೇಸಿಗೆ ಉಳಿಯುತ್ತದೆ, ಬಣ್ಣವೂ ಉಳಿಯುತ್ತದೆ. ಬಾಯಿಬಿಟ್ಟರೆ ಅದು ನಿನ್ನದಲ್ಲ ಅಂತ ಊರ ಮುಂದೆ ನೀನೇ ಹೇಳಿದ ಹಾಗೆ.

ಅತ್ತೆ


ಹೇಕ್ ಕೋವ್
ಆಗಸ್ಟ್ ೨೦

ಅತ್ತೆ,

ಜಿಲ್ಲೆಯ ಊರಿನಲ್ಲಿ ಒಂದು ಕೋಣೆ, ಮಡಚುವ ಕುರ್ಚಿಗಳು. ಇಡೀ ಬಂದರು ಬಂದು ಕೂತಿತ್ತು. ಕಾಲರ್ ಅಂಗಿ ಹಾಕಿಕೊಂಡ ಲೈಮನ್‌ನನ್ನು ನಾನು ಅದೇ ಮೊದಲು ನೋಡಿದ್ದು.

ಅಧಿಕಾರಿ ಕೇಳಿದ, "ಬೋನು ಯಾರದು?"

ಲೈಮನ್ ಅಜ್ಜನ ಹೆಸರು ಹೇಳಿದ, "ಎಜ್ರಾನದು."

"ಎಜ್ರಾ ತೀರಿಕೊಂಡಿದ್ದಾರೆ. ಈಗ ಯಾರದು?"

"ಎಜ್ರಾನದು."

"ಅದರಿಂದ ಏನು ತೆಗೀತಿದ್ರಿ?"

ಅವನು ತನ್ನ ಬೂಟು ನೋಡಿಕೊಂಡು ಅಂದ: "ಲಾಬ್‌ಸ್ಟರು."

ನನಗೆ ಮೈಯೆಲ್ಲ ಉರಿಯಿತು ಅತ್ತೆ. ಇಲ್ಲಿಯೂ ದಾನ. ತನ್ನ ಹೆಸರು, ಮೂರು ವರ್ಷದ ದುಡಿಮೆ, ಎಲ್ಲ ಹಾಕಿ ನನ್ನ ಬುಟ್ಟಿ ತುಂಬಿಸುತ್ತಿದ್ದ, ಆಗಲೂ ನನ್ನ ಕೇಳದೆ. ಎದ್ದು ನಿಂತೆ.

"ಸುಳ್ಳು. ಹಾಕ್ತಿದ್ರು. ಬೇಸಿಗೆ ಪೂರ್ತಿ ಹಾಕಿದಾರೆ."

"ಕೂತ್ಕೋಮ್ಮ" ಅಂದ ಲೈಮನ್.

"ಕೂರಲ್ಲ."

ಅಧಿಕಾರಿ, "ನೀವು ಅನುಮತಿ ಕೊಟ್ಟಿದ್ರಾ?" ಅಂದ. ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು ಅಂತ ಆಮೇಲೆ ಅಪ್ಪ ಹೇಳಿದ. ನಾನು ಅಂದೆ: "ಇಲ್ಲ. ಕೇಳೋ ಸೌಜನ್ಯ ಯಾರಿಗಿತ್ತು? ಆದ್ರೆ ಕದ್ದಿಲ್ಲ. ಕೊಂಡಿಗೆ ಪಟ್ಟಿ ಹಾಕಿದ್ದನ್ನ ನನ್ನ ಕಣ್ಣಾರೆ ನೋಡಿದೀನಿ. ಜೂನಿಂದ ನಾನು ಮಾರಿದ್ದೆಲ್ಲ ಅವರು ಹಿಡಿದದ್ದು. ನಾನು ಹಿಡಿದದ್ದು ಒಂದು ಬೂಟು."

ಹಿಂದೆ ಯಾರೋ ಕೆಮ್ಮಿದರು. ನಗುವನ್ನು ಕೆಮ್ಮು ಮಾಡಿದ್ದು.

ಹಾಕಿದರೂ ತೆಗೆದರೂ ಮುಟ್ಟಿದ್ದು ಮುಟ್ಟಿದ್ದೇ ಅಂದ ಅಧಿಕಾರಿ. ಮೂರು ವರ್ಷದ ಬದಲು ಎರಡು ವಾರ ಲೈಸೆನ್ಸ್ ಅಮಾನತು. ಹೊರಗೆ ಬಂದಾಗ ಲೈಮನ್ ನನ್ನ ಮುಂದೆ ನಿಂತ. ಕೃತಜ್ಞತೆ ಹೇಳುತ್ತಾನೆ ಅಂದುಕೊಂಡರೆ, "ನಿಮ್ಮಜ್ಜನಿಗೆ ಅಂತ ಇಟ್ಟಿದ್ದನ್ನ ಊರ ಬಾಯಿಗೆ ಹಾಕ್ದೆ" ಅಂದು ಹೋದ. ಅವನಿಗೂ ಸಿಟ್ಟು. ಇರಲಿ. ನನ್ನ ಸಿಟ್ಟು ನನ್ನ ಹತ್ತಿರ ಇದೆ.

ಕಾರಿನಲ್ಲಿ ವಾಪಸು ಬಂದದ್ದು ಅಪ್ಪನ ಜೊತೆ. ಮನೆ ಹತ್ತಿರ ಬಂದಾಗ, "ಬೂಟಿನ ಮಾತು ಬೇಕಿತ್ತಾ?" ಅಂದ.

ಬಣ್ಣ ಹೋಯಿತು ಅಂತಲೇ ಲೆಕ್ಕ.

ವಾಂಡಾ


ಮಿಲ್‌ಬ್ರೂಕ್
ಆಗಸ್ಟ್ ೨೩

ವಾಂಡಾ,

ಬೂಟಿನ ಮಾತು ಬೇಕಿತ್ತು.

ಬೋನುಗಳು ಇನ್ನೂ ನೀರಿನಲ್ಲೇ ಇವೆ ತಾನೇ? ಹಾಗಿದ್ದರೆ ಹೋಗಿ ಎತ್ತು. ಖಾಲಿ ಬಂದರೆ ಖಾಲಿ ಎತ್ತು.

ಅತ್ತೆ


ಹೇಕ್ ಕೋವ್
ಆಗಸ್ಟ್ ೩೧

ಅತ್ತೆ,

ಎತ್ತಿದೆ. ಖಾಲಿ. ಮರುದಿನ ಖಾಲಿ. ಆಗಸ್ಟ್ ತಿಂಗಳು, ಹಾಲು ಹಲ್ಲಿನ ಹುಡುಗರ ಬೋನಿಗೂ ಬೀಳುವ ಕಾಲ, ನನಗೆ ಏಡಿ. ಖಾಲಿ ಬುಟ್ಟಿ ಹೊತ್ತು ಎಲ್ಲರ ಮುಂದೆಯೇ ಧಕ್ಕೆ ಹತ್ತಿದೆ, ಹಿಂದಿನ ಹಾದಿಯಲ್ಲಿ ಹೋಗಲಿಲ್ಲ.

ಮೊನ್ನೆ ಬೆಳಗ್ಗೆ ಲೈಮನ್ ಧಕ್ಕೆಯ ಅಂಚಿನಲ್ಲಿ ಕೂತಿದ್ದ. ದೋಣಿ ಕಟ್ಟಿಹಾಕಿದೆ, ಮಾಡಲು ಕೆಲಸವಿಲ್ಲ. ನಾನು ಕೊಲ್ಲಿಗೆ ಹುಟ್ಟು ಹಾಕಿಕೊಂಡು ಹೋಗುವುದನ್ನು ನೋಡಿದ, ಬೋನು ಎತ್ತಿ ಬಿಡುವುದನ್ನು ನೋಡಿದ. ವಾಪಸು ಬರುವಾಗ ಎದ್ದು ನಿಂತ.

"ಏನೇ, ತಲೆಯಲ್ಲಿ ಏನಿದೆ ನಿಂಗೆ? ಬರೀ ಬಂಡೆ ಮೇಲೆ ಬೋನು ಬಿಡ್ತೀಯಲ್ಲ, ಲಾಬ್‌ಸ್ಟರು ಏನು ಬಿಸಿಲು ಕಾಯಕ್ಕೆ ಬರತ್ತಾ? ಬಂಡೆ ಮುಗಿದು ಕೆಸರು ಶುರುವಾಗೋ ಕಡೆ ಬಿಡು. ಹಗ್ಗ ಇನ್ನೊಂದಾಳು ಉದ್ದ ಮಾಡು. ಎರೆ ಮೀನು ಮೂರು ದಿನಕ್ಕೊಂದ್ಸಲ ಬದಲಾಯಿಸಿದ್ರೆ ಎಲ್ಲ ತೊಳ್ಕೊಂಡು ಹೋಗತ್ತೆ. ನಾತ ಹೊಡೀಬೇಕು ಕತ್ತೆ, ವಾಸನೆ ಬರ್ದಿದ್ರೆ ಅದಕ್ಕೇನು ನೀನು ಕಾಗದ ಬರೆದು ಕರೀತೀಯಾ? ನಿನ್ನ ಬೋನು ನೋಡಿದ್ರೆ ನಂಗೇ ನಾಚಿಕೆ."

ಇಡೀ ಬಂದರಿಗೆ ಕೇಳಿಸಿತು. ಹುಡುಗರು ಕೆಲಸ ನಿಲ್ಲಿಸಿ ನೋಡಿದರು. ನಾನು ಹುಟ್ಟು ಹಿಡಿದು ಹಾಗೇ ಕೂತಿದ್ದೆ. ಎಜ್ರಾನ ಬೋನು ಅನ್ನಲಿಲ್ಲ ಅವನು. ನಿನ್ನ ಬೋನು ಅಂದ.

"ಇದನ್ನ ಜೂನಲ್ಲಿ ಹೇಳೋಕೆ ಏನಾಗಿತ್ತು?" ಅಂತ ನಾನೂ ಅಷ್ಟೇ ಜೋರಾಗಿ ಕೇಳಿದೆ.

ಅವನ ಕೈ ಟೋಪಿಯತ್ತ ಹೋಯಿತು, ಅರ್ಧಕ್ಕೇ ಇಳಿಸಿದ.

ನಿನ್ನೆ ಕೆಸರಂಚಿನಲ್ಲಿ ಬಿಟ್ಟೆ. ಇವತ್ತು ಆರು ಬಿದ್ದಿದ್ದವು. ಮೆತ್ತನೆ ಚಿಪ್ಪು, ಹಿಡಿದರೆ ಒತ್ತಿಕೊಳ್ಳುತ್ತದೆ, ತೂಕವಿಲ್ಲ. ಐನಾ ಹೆಬ್ಬೆರಳಿನಿಂದ ಒತ್ತಿ ನೋಡಿ, "ಇವು ಕಡಿಮೆ ರೇಟು" ಅಂದಳು. ಗೊತ್ತು ಅಂದೆ.

ಅತ್ತೆ, ಒಂದು ಬೈಗುಳ ಕೊಡುವುದಕ್ಕೆ ಇವರಿಗೆ ಇಡೀ ಬೇಸಿಗೆ ಹಿಡಿಯಿತು. ಒಬ್ಬ ವಾರ್ಡನ್, ಒಬ್ಬ ಅಧಿಕಾರಿ, ಒಂದು ಕೋಣೆ ತುಂಬ ಜನ ಬೇಕಾಯಿತು. ನಿನಗೆ ಅದನ್ನೂ ಕೊಡಲಿಲ್ಲ. ಟೋಪಿ ಮುಟ್ಟಿ ಮುಟ್ಟಿಯೇ ಊರು ಬಿಡಿಸಿದರು. ಈ ಸಿಟ್ಟನ್ನು ನಾನು ಇಳಿಸುವುದಿಲ್ಲ, ಲೈಮನ್ ಎಷ್ಟು ಒಳ್ಳೆಯವನಾದರೂ.

ಮಂಗಳವಾರದಿಂದ ಕಾಲೇಜು. ಬೋನುಗಳನ್ನು ತಾನು ನೋಡಿಕೊಳ್ಳುತ್ತೇನೆ ಅಂತ ಅಪ್ಪ ಅಂದ. ಬೇಡ ಅಂದೆ. ಶುಕ್ರವಾರ ಸಂಜೆ ಬಸ್ಸಿಗೆ ಬಂದು ನಾನೇ ಎತ್ತುತ್ತೇನೆ, ನೀರು ಹೆಪ್ಪುಗಟ್ಟುವ ತನಕ. ಧಕ್ಕೆಯ ಮೇಲೆ ನಿಂತು ಎಲ್ಲರಿಗೂ ಹೇಳಿದೆ: ನಾನಿಲ್ಲದಾಗ ನನ್ನ ಬೋನು ಯಾರೂ ಮುಟ್ಟಬೇಡಿ, ಏನೂ ಹಾಕಬೇಡಿ.

ಲೈಮನ್ ಬಲೆ ಹೆಣೆಯುತ್ತಿದ್ದವನು ತಲೆ ಎತ್ತಲಿಲ್ಲ. "ಮೊದಲು ಗಂಟು ಹಾಕೋದು ಕಲಿ" ಅಂದ. "ಆ ಮೂರನೇ ಗುಂಡು ಶುಕ್ರವಾರದ ತನಕ ಇರಲ್ಲ."

ಹೋಗಿ ನೋಡಿದೆ. ಸಡಿಲವಾಗಿತ್ತು. ಬಿಗಿದು ಬಂದೆ.

ವಾಂಡಾ